ಅಧಿಕಾರಕ್ಕೂ ಒಂದು ಪರಿಮಾಣ

ಒಬ್ಬ ವ್ಯಕ್ತಿ ಎಷ್ಟು ಸಲ ಶಾಸಕನಾಗಬಹುದು, ಎಷ್ಟು ವರ್ಷ ಮಂತ್ರಿಯಾಗಿಯೋ ಮುಖ್ಯಮಂತ್ರಿಯಾಗಿಯೋ ಇರಬಹುದು ಎಂಬುದಕ್ಕೆ ಕಾನೂನಿನಲ್ಲಿ ಒಂದು ಮಿತಿಯಿರಬೇಕೆಂಬ ಮಾತು ಚುನಾವಣೆ ಹತ್ತಿರವಾದಾಗಲೆಲ್ಲ ನಮ್ಮ ಪೇಟೆಯ ಅಂಗಡಿಕಟ್ಟೆಗಳಲ್ಲಿಯೂ ಸಂಘಸಂಸ್ಥೆಗಳ ಮಹಾಸಭೆಗಳಲ್ಲಿಯೂ ಕೇಳಿಬರುತ್ತದೆ. ಎರಡು ಅವಧಿ ಸಾಕು, ಮೂರನೆಯದು ಬೇಡ ಎನ್ನುವವರ ಮಾತಿನಲ್ಲಿ ನ್ಯಾಯದ ಅಂಶವಿದೆ. ಆದರೆ ಆ ಮಾತನ್ನು ಕೇಳಿದೊಡನೆ ಒಪ್ಪುವುದೂ ತಳ್ಳಿಹಾಕುವುದೂ ವಿವೇಕವಲ್ಲ. ಕೊಡಗಿನಲ್ಲಿ ಮೂವತ್ತೆಂಟು ವರ್ಷ ಕರಿಮೆಣಸು, ಏಲಕ್ಕಿ ತೂಗಿದ ನನಗೆ ತಕ್ಕಡಿಯ ಎರಡೂ ತಟ್ಟೆಗಳನ್ನು ನೋಡದೆ ದರ ಹೇಳುವ ಅಭ್ಯಾಸವಿಲ್ಲ. ಈ ಬೇಡಿಕೆಯನ್ನೂ ಹಾಗೆಯೇ ತೂಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿಯೋಣ. ನಮ್ಮ ಸಂವಿಧಾನದ 172ನೆಯ ಅನುಚ್ಛೇದವು ವಿಧಾನಸಭೆಯ ಆಯುಷ್ಯವನ್ನು ಐದು ವರ್ಷಕ್ಕೆ ನಿಗದಿಪಡಿಸಿದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ 42ನೆಯ ತಿದ್ದುಪಡಿಯಿಂದ, ಇದನ್ನು ಆರು ವರ್ಷಕ್ಕೆ ಏರಿಸಲಾಗಿತ್ತು; 1978ರ 44ನೆಯ ತಿದ್ದುಪಡಿ ಅದನ್ನು ಮರಳಿ ಐದಕ್ಕೆ ಇಳಿಸಿತು. ಹೀಗೆ ಸಭೆಗೆ ಗಡುವುಂಟು. ಸಭೆಯಲ್ಲಿ ಕೂರುವವರಿಗೆ ಗಡುವಿಲ್ಲ. ಶಾಸಕನಾಗಲು ಇಪ್ಪತ್ತೈದು ವರ್ಷ ತುಂಬಿರಬೇಕೆಂಬ ಕೆಳಮಿತಿಯುಂಟು, ಮೇಲಿನ ಮಿತಿಯಿಲ್ಲ. ಸಭೆಯ ವಿಶ್ವಾಸವಿರುವಷ್ಟು ಕಾಲ ಮುಖ್ಯಮಂತ್ರಿಯ ಪದವಿ. ರಾಷ್ಟ್ರಪತಿಗಳೂ ಪುನಃ ಆಯ್ಕೆಗೊಳ್ಳಲು ಅರ್ಹರೆಂದು 57ನೆಯ ಅನುಚ್ಛೇದ ಸ್ಪಷ್ಟವಾಗಿ ಹೇಳುತ್ತದೆ. ಆದುದರಿಂದ ಅವಧಿಯ ಮಿತಿಯನ್ನು ತರಬೇಕಾದರೆ ಸಂವಿಧಾನವನ್ನೇ ತಿದ್ದಬೇಕು. ರಾಜ್ಯದ ಶಾಸನಸಭೆಯೊಂದರ ಕೈಯಲ್ಲಿ ಆಗುವ ಕೆಲಸವಲ್ಲ.

ಅಂಥ ಮಿತಿ ನಮ್ಮ ಸಂವಿಧಾನದ ಸ್ವಭಾವಕ್ಕೆ ವಿರುದ್ಧವೆಂದು ವಾದಿಸುವವರಿದ್ದಾರೆ. ಅದನ್ನು ಒಪ್ಪಲಾಗದು. 2003ರ 91ನೆಯ ತಿದ್ದುಪಡಿಯು ಮಂತ್ರಿಗಳ ಸಂಖ್ಯೆ ಸಭೆಯ ಶೇಕಡಾ 15ನ್ನು ಮೀರಬಾರದೆಂದು ವಿಧಿಸಿತು. 224 ಸ್ಥಾನಗಳ ನಮ್ಮ ವಿಧಾನಸಭೆಯಲ್ಲಿ ಮುಖ್ಯಮಂತ್ರಿಯೂ ಸೇರಿ 34 ಮಂದಿಗೆ ಮಾತ್ರ ಮಂತ್ರಿಪದವಿ. ಅಧಿಕಾರದ ಕುರ್ಚಿಗಳ ಸಂಖ್ಯೆಗೆ ಮಿತಿ ಹಾಕಿದ ಸಂವಿಧಾನವು ಆ ಕುರ್ಚಿಯಲ್ಲಿ ಕೂರುವ ಕಾಲಕ್ಕೆ ಮಿತಿ ಹಾಕಲಾರದೆಂದು ಹೇಳಲು ಕಾರಣವಿಲ್ಲ.

ಇನ್ನು ಮಿತಿ ಏಕೆ ಬೇಕು? ಬಹುಕಾಲ ಕುರ್ಚಿಯಲ್ಲಿ ಇದ್ದವರು ಭ್ರಷ್ಟರಾಗುತ್ತಾರೆಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಇದು ಅರ್ಧ ಸತ್ಯ ಮಾತ್ರವಲ್ಲ, ಪ್ರಾಮಾಣಿಕರಿಗೆ ಮಾಡುವ ಅನ್ಯಾಯವೂ ಹೌದು. ವಾಣಿಜ್ಯ ಕಾನೂನು ಇದಕ್ಕಿಂತ ಸೂಕ್ಷ್ಮವಾದ ಕಾರಣವನ್ನು ಕಂಡುಕೊಂಡಿದೆ. 2013ರ ಕಂಪನಿ ಕಾಯಿದೆಯ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ಲೆಕ್ಕಪರಿಶೋಧಕ ಒಬ್ಬ ವ್ಯಕ್ತಿಯಾದರೆ ಐದು ವರ್ಷ, ಸಂಸ್ಥೆಯಾದರೆ ಐದೈದು ವರ್ಷಗಳ ಎರಡು ಅವಧಿ. ಆಮೇಲೆ ಐದು ವರ್ಷ ಆ ಕಂಪನಿಯ ಲೆಕ್ಕವನ್ನು ಮುಟ್ಟುವಂತಿಲ್ಲ. ಸ್ವತಂತ್ರ ನಿರ್ದೇಶಕರಿಗೂ ಸತತವಾಗಿ ಎರಡೇ ಅವಧಿ. ಸಹಕಾರಿ ಬ್ಯಾಂಕುಗಳ ನಿರ್ದೇಶಕರಿಗೆ ಸತತ ಎಂಟು ವರ್ಷಗಳ ಮಿತಿಯಿತ್ತು. 2025ರಲ್ಲಿ ಅದು ಹತ್ತಾಯಿತು. ಲೆಕ್ಕಪರಿಶೋಧಕರೆಲ್ಲ ಕಳ್ಳರೆಂಬ ಭಾವನೆಯಿಂದ ಈ ನಿಯಮ ಹುಟ್ಟಲಿಲ್ಲ. ಒಂದೇ ಕಣ್ಣು ಒಂದೇ ಪುಸ್ತಕವನ್ನು ಹತ್ತು ವರ್ಷ ನೋಡಿದರೆ ತಪ್ಪು ಕಾಣಿಸುವುದೇ ನಿಂತುಹೋಗುತ್ತದೆ ಎಂಬ ಅನುಭವದಿಂದ ಹುಟ್ಟಿತು.

ಈ ಮಾತಿಗೆ ನನ್ನದೇ ತಪ್ಪೊಂದನ್ನು ಸಾಕ್ಷಿಯಾಗಿ ಹೇಳಿಕೊಳ್ಳಬೇಕು. ಒಂದು ಧರ್ಮಸಂಸ್ಥೆಯಲ್ಲಿ ನಾನು ಹದಿನೇಳು ವರ್ಷ ಕೋಶಾಧಿಕಾರಿಯಾಗಿದ್ದೆ. ಪ್ರತಿ ಮಹಾಸಭೆಯಲ್ಲಿ ಒಬ್ಬರು ಎದ್ದು “ಅವರೇ ಮುಂದುವರಿಯಲಿ” ಎಂದು ಸೂಚಿಸುವುದು, ಇನ್ನೊಬ್ಬರು ಅನುಮೋದಿಸುವುದು, ಆಮೇಲೆ ಚಪ್ಪಾಳೆ, ಆಮೇಲೆ ಊಟ. ಇದನ್ನು ನಾನು ಗೌರವವೆಂದೇ ಭಾವಿಸಿದ್ದೆ. ಆರೋಗ್ಯ ಕೆಟ್ಟ ಕಾರಣ ಕಡೆಗೊಮ್ಮೆ ಪುಸ್ತಕಗಳನ್ನು ಬೇರೊಬ್ಬ ತರುಣರಿಗೆ ಒಪ್ಪಿಸಿದೆ. ಅವರು ಮೊದಲ ತಿಂಗಳಲ್ಲೇ ಒಂದು ಠೇವಣಿ ರಸೀದಿಯನ್ನು ಹಿಡಿದು ಅಂಗಡಿಗೆ ಬಂದರು. “ಅಣ್ಣಯ್ಯನವರೇ, ಇದರ ವಾಯಿದೆ ಮುಗಿದು ನಾಲ್ಕು ವರ್ಷವಾಗಿದೆಯಲ್ಲ?” ಎಂದು ಸಂಕೋಚದಿಂದ ಕೇಳಿದರು. ನಿತ್ಯಪೂಜೆಗೆಂದು ಒಬ್ಬ ವೃದ್ಧ ತಾಯಿ ಇರಿಸಿದ್ದ ಹಣ ಅದು. ನವೀಕರಿಸದೆ ಬಿಟ್ಟದ್ದರಿಂದ ನಾಲ್ಕು ವರ್ಷವೂ ಅದಕ್ಕೆ ಉಳಿತಾಯ ಖಾತೆಯ ಬಡ್ಡಿಗಿಂತ ಹೆಚ್ಚೇನೂ ದಕ್ಕಿರಲಿಲ್ಲ. ಆ ಹಣದಲ್ಲಿ ನಾನು ಒಂದು ಪೈಸೆಯನ್ನೂ ಮುಟ್ಟಿದವನಲ್ಲ. ಆದರೆ ಆ ರಸೀದಿಯನ್ನು ಪ್ರತಿ ವರ್ಷವೂ ಪಟ್ಟಿಯಲ್ಲಿ ನೋಡಿ, ಸರಿಯೆಂದು ಗುರುತು ಹಾಕಿದವನು ನಾನೇ. ಕೊರತೆಯನ್ನು ಕೈಯಿಂದ ತುಂಬಿಕೊಟ್ಟೆ. ಅವಮಾನವನ್ನು ತುಂಬಿಕೊಡಲು ಆಗಲಿಲ್ಲ. ಹದಿನೇಳು ವರ್ಷದಲ್ಲಿ ಒಬ್ಬರೂ ನನ್ನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ. ಅವರು ನನ್ನ ಮೇಲೆ ಇಟ್ಟ ನಂಬಿಕೆಯೇ ನನ್ನ ಕಣ್ಣನ್ನು ಮಸುಕು ಮಾಡಿತ್ತು.

ಅವಧಿಯ ಮಿತಿಗೆ ಇದಕ್ಕಿಂತ ಬಲವಾದ ಸಮರ್ಥನೆ ನನಗೆ ತಿಳಿಯದು. ಆದರೆ ಇದೇ ಸಮರ್ಥನೆ ಮಿತಿಯ ವ್ಯಾಪ್ತಿಯನ್ನೂ ತೋರಿಸುತ್ತದೆ. ನಾನು ತಪ್ಪಿದ್ದು ಸಹಿ ಹಾಕುವ ಸ್ಥಾನದಲ್ಲಿ. ಸಭೆಯಲ್ಲಿ ಕುಳಿತು ಪ್ರಶ್ನೆ ಕೇಳುವ ಸ್ಥಾನದಲ್ಲಲ್ಲ. ಶಾಸಕನ ಕೆಲಸ ಕೇಳುವುದು, ಮಂತ್ರಿಯ ಕೆಲಸ ಆಜ್ಞೆ ಮಾಡುವುದು, ನೇಮಿಸುವುದು, ಖರ್ಚು ಮಾಡುವುದು. ಎರಡಕ್ಕೂ ಒಂದೇ ಮಿತಿ ಹಾಕಹೊರಟವರು ಈ ಭೇದವನ್ನು ಮರೆತಿದ್ದಾರೆ. ಪ್ರಸ್ತುತ ಬೇಡಿಕೆಯ ಮುಖ್ಯ ದೋಷ ಇದೇ ಎಂದು ನನ್ನ ಅಭಿಪ್ರಾಯ.

ಉದಾಹರಣೆಗೆ ಶಾಂತವೇರಿ ಗೋಪಾಲಗೌಡರು 1952, 1962 ಮತ್ತು 1967ರಲ್ಲಿ ಮೂರು ಸಲ ನಮ್ಮ ವಿಧಾನಸಭೆಗೆ ಆಯ್ಕೆಯಾದರು. ಅವರೆಂದೂ ಮಂತ್ರಿಯಾಗಲಿಲ್ಲ, ವಿರೋಧಪಕ್ಷದಲ್ಲಿ ಕುಳಿತು ಗೇಣಿದಾರರ ಪರವಾಗಿ ಮಾತಾಡಿದರು. ಎರಡೇ ಅವಧಿಯ ನಿಯಮವಿದ್ದಿದ್ದರೆ 1967ರಲ್ಲಿ ಅವರಿಗೆ ಬಾಗಿಲು ಮುಚ್ಚುತ್ತಿತ್ತು. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2008ರ ವರೆಗೆ ಸತತವಾಗಿ ಒಂಬತ್ತು ವಿಧಾನಸಭಾ ಚುನಾವಣೆಗಳನ್ನು ಗೆದ್ದರೂ ಮುಖ್ಯಮಂತ್ರಿಯ ಕುರ್ಚಿ ಒಮ್ಮೆಯೂ ಅವರದಾಗಲಿಲ್ಲ. ಶಾಸಕತ್ವದ ದೀರ್ಘತೆ ಒಂದು, ಅಧಿಕಾರದ ದೀರ್ಘತೆ ಇನ್ನೊಂದು ಎಂಬುದಕ್ಕೆ ಇಷ್ಟು ಸಾಕು.

ನಮ್ಮ ಕೊಡಗಿನ ಇತಿಹಾಸವನ್ನೇ ನೋಡಬಹುದು. 1950ರಿಂದ 1956ರ ವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತೆಂಬುದನ್ನು ಇಂದಿನ ತರುಣರಲ್ಲಿ ಅನೇಕರು ಅರಿಯರು. 24 ಸದಸ್ಯರ ವಿಧಾನಸಭೆ. 1952ರ ಚುನಾವಣೆಯಲ್ಲಿ 15 ಸ್ಥಾನ ಕಾಂಗ್ರೆಸ್ಸಿಗೆ, 9 ಪಕ್ಷೇತರರಿಗೆ ಬಂದವು. ಮೈಸೂರಿನೊಡನೆ ವಿಲೀನ ಬೇಡವೆಂದ ಪಂದ್ಯಂಡ ಬೆಳ್ಯಪ್ಪನವರ ಬಳಗ ತಕ್ಕಡಿಯ ಗುರುತಿನಿಂದಲೇ ಪ್ರಸಿದ್ಧವಾಯಿತು. ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು. 1956ರ ನವೆಂಬರ್ 1ರಂದು ರಾಜ್ಯವೇ ವಿಲೀನಗೊಂಡುದರಿಂದ ಅವರಿಗೆ ಎರಡನೆಯ ಅವಧಿಯ ಪ್ರಶ್ನೆಯೇ ಏಳಲಿಲ್ಲ. ಕುರ್ಚಿ ಹೋದ ಮಾತ್ರಕ್ಕೆ ಅವರ ಸಾರ್ವಜನಿಕ ಜೀವನ ಮುಗಿಯಲಿಲ್ಲ. ಮುಂದೆ ಕೇಂದ್ರದ ರೈಲ್ವೆ ಸಚಿವರಾದರು, ರಾಜ್ಯಪಾಲರಾದರು. ಒಂದು ಪದವಿಯನ್ನು ಬಿಟ್ಟರೆ ತಾನು ಶೂನ್ಯನಾಗುವೆನೆಂದು ಹೆದರುವವರು ಇದನ್ನು ನೆನೆಯಬೇಕು.

24 ಮಂದಿ ಪ್ರತಿನಿಧಿಗಳಿದ್ದ ಆ ನಾಡಿಗೆ ಕಾಲಕ್ರಮದಲ್ಲಿ ವಿಧಾನಸಭೆಯಲ್ಲಿ ಉಳಿದದ್ದು ಮೂರು ಸ್ಥಾನ. 2008ರ ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ಎರಡೇ. ಮಡಿಕೇರಿಯಿಂದ ಎಂ. ಪಿ. ಅಪ್ಪಚ್ಚು ರಂಜನ್, ವಿರಾಜಪೇಟೆಯಿಂದ ಕೆ. ಜಿ. ಬೋಪಯ್ಯ, ಇಬ್ಬರೂ 2008, 2013, 2018ರಲ್ಲಿ ಸತತವಾಗಿ ಮೂರು ಸಲ ಗೆದ್ದರು. ಹದಿನೈದು ವರ್ಷ ಇಡೀ ಜಿಲ್ಲೆಯ ಎರಡೂ ಸ್ಥಾನಗಳಲ್ಲಿ ಅದೇ ಇಬ್ಬರು. 2023ರಲ್ಲಿ ಮತದಾರರು ಇಬ್ಬರನ್ನೂ ಒಂದೇ ದಿನ ಬದಲಿಸಿ ಮಂತರ್ ಗೌಡ ಮತ್ತು ಎ. ಎಸ್. ಪೊನ್ನಣ್ಣ ಅವರನ್ನು ಆರಿಸಿದರು. ಯಾವ ಪಕ್ಷ ಮೇಲು, ಯಾವುದು ಕೀಳು ಎಂಬ ವಿಚಾರ ಈ ಲೇಖನಕ್ಕೆ ಸಂಬಂಧಿಸಿದುದಲ್ಲ. ಮೂರು ಸಲ ಬೇಕೆಂದವರೂ ನಾಲ್ಕನೆಯ ಸಲ ಬೇಡವೆಂದವರೂ ಅದೇ ಮತದಾರರೇ. ಅದಕ್ಕೆ ಅವರಿಗೆ ಯಾವ ತಿದ್ದುಪಡಿಯ ಸಹಾಯವೂ ಬೇಕಾಗಲಿಲ್ಲ. ಶಾಸಕರ ಮಟ್ಟಿಗೆ ಮತಪೆಟ್ಟಿಗೆಯೇ ಗಡುವು ಎಂಬ ವಾದಕ್ಕೆ ಇದು ಪುಷ್ಟಿ ಕೊಡುತ್ತದೆ.

ಇನ್ನು ಮುಖ್ಯಮಂತ್ರಿಯ ಪದವಿಗೆ ಬರೋಣ. ಪಶ್ಚಿಮ ಬಂಗಾಳದಲ್ಲಿ ಜ್ಯೋತಿ ಬಸು 1977ರಿಂದ 2000ದ ವರೆಗೆ, ಸಿಕ್ಕಿಮಿನಲ್ಲಿ ಪವನ್ ಚಾಮ್ಲಿಂಗ್ 1994ರಿಂದ 2019ರ ವರೆಗೆ, ಒಡಿಶಾದಲ್ಲಿ ನವೀನ್ ಪಟ್ನಾಯಕ್ 2000ದಿಂದ 2024ರ ವರೆಗೆ ಆಳಿದರು. ಇವರಲ್ಲಿ ತಾವಾಗಿ ಇಳಿದವರು ಬಸು ಒಬ್ಬರೇ. ಅಲ್ಲಿಯವರಿಗೆ ಮಿತಿಯ ಮಾತು ಸಹಜವಾಗಿ ತೋಚಬಹುದು. ಕರ್ನಾಟಕದ ರೋಗ ಮಾತ್ರ ಇದಕ್ಕೆ ತದ್ವಿರುದ್ಧ. 1956ರಿಂದ 2023ರ ವರೆಗಿನ ಲೆಕ್ಕದಲ್ಲಿ ಒಂದೇ ಓಟದಲ್ಲಿ ಐದು ವರ್ಷದ ಪೂರ್ಣಾವಧಿಯನ್ನು ಮುಗಿಸಿದ ಮುಖ್ಯಮಂತ್ರಿಗಳು ಎಸ್. ನಿಜಲಿಂಗಪ್ಪ, ಡಿ. ದೇವರಾಜ ಅರಸು, ಸಿದ್ದರಾಮಯ್ಯ ಈ ಮೂವರೇ. 1989ರಿಂದ 1994ರ ಒಂದೇ ಸಭೆಯ ಅವಧಿಯಲ್ಲಿ ವೀರೇಂದ್ರ ಪಾಟೀಲ, ಬಂಗಾರಪ್ಪ, ವೀರಪ್ಪ ಮೊಯಿಲಿ. 2008ರಿಂದ 2013ರಲ್ಲಿ ಯಡಿಯೂರಪ್ಪ, ಸದಾನಂದ ಗೌಡ, ಜಗದೀಶ ಶೆಟ್ಟರ್. ಯಡಿಯೂರಪ್ಪನವರು ನಾಲ್ಕು ಸಲ ಪ್ರಮಾಣವಚನ ಸ್ವೀಕರಿಸಿದರು, ಒಮ್ಮೆಯೂ ಐದು ವರ್ಷ ಪೂರೈಸಲಾಗಲಿಲ್ಲ. ಹಸಿದವನಿಗೆ ಮಿತಾಹಾರದ ಉಪದೇಶ ಮಾಡಿದಂತೆ, ಎರಡೂವರೆ ವರ್ಷಕ್ಕೇ ಕುರ್ಚಿ ಅಲುಗಾಡುವ ರಾಜ್ಯಕ್ಕೆ ಹತ್ತು ವರ್ಷದ ಮಿತಿಯನ್ನಷ್ಟೇ ಬೋಧಿಸಿದರೆ ಪ್ರಯೋಜನವೇನು?

ಪರಸ್ಪರ ಒಪ್ಪಂದದಿಂದ ಅವಧಿಯನ್ನು ಹಂಚಿಕೊಳ್ಳುವ ಪ್ರಯೋಗವನ್ನೂ ನಮ್ಮ ರಾಜ್ಯ ಕಂಡಿದೆ. 2006ರಲ್ಲಿ ಎರಡು ಪಕ್ಷಗಳು ಇಪ್ಪತ್ತು ತಿಂಗಳು ಒಬ್ಬರು, ಇಪ್ಪತ್ತು ತಿಂಗಳು ಇನ್ನೊಬ್ಬರು ಎಂದು ಕೂಡಿ ಸರ್ಕಾರ ಮಾಡಿದವು. 2007ರ ಅಕ್ಟೋಬರಿನಲ್ಲಿ ಹಸ್ತಾಂತರದ ದಿನ ಬಂದಾಗ ಒಪ್ಪಂದ ಮುರಿಯಿತು. ಬಳಿಕ ರಚನೆಯಾದ ಸರ್ಕಾರ ಏಳೇ ದಿನ ಬಾಳಿತು. ಪಾಲುದಾರಿಕೆಯ ಪತ್ರವನ್ನು ಬರೆಯದೆ ಬಾಯಿಮಾತಿನಲ್ಲಿ ಅಂಗಡಿ ತೆರೆದವರ ಗತಿ ಏನಾಗುತ್ತದೆಂದು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಅಸ್ಥಿರತೆಗೆ ಬೆಲೆ ತೆತ್ತವರಲ್ಲಿ ಕೊಡಗಿನವರೂ ಸೇರಿದ್ದಾರೆ. 2018ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದು ಊರೂರುಗಳೇ ಮಣ್ಣುಪಾಲಾದಾಗ ಮುಖ್ಯಮಂತ್ರಿಗಳಾಗಿದ್ದವರು ಎಚ್. ಡಿ. ಕುಮಾರಸ್ವಾಮಿ. ಮರುವರ್ಷ ಜುಲೈಯಲ್ಲಿ ಆ ಸರ್ಕಾರ ಬಿತ್ತು. 2019ರ ಆಗಸ್ಟಿನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಮತ್ತೆ ಗುಡ್ಡ ಜಾರಿದಾಗ ರಾಜ್ಯದಲ್ಲಿ ಮುಖ್ಯಮಂತ್ರಿಗಳೊಬ್ಬರನ್ನು ಬಿಟ್ಟು ಬೇರೊಬ್ಬ ಮಂತ್ರಿಯೇ ಇರಲಿಲ್ಲ. ಸಂಪುಟ ರಚನೆಯಾದದ್ದು ಆ ತಿಂಗಳ 20ರಂದು. 2020ರಲ್ಲಿ ತಲಕಾವೇರಿಯ ಬಳಿ ಬೆಟ್ಟ ಕುಸಿಯಿತು. 2021ರ ಜುಲೈಯಲ್ಲಿ ಮುಖ್ಯಮಂತ್ರಿಗಳು ಮತ್ತೊಮ್ಮೆ ಬದಲಾದರು. ಮನೆ ಕಳೆದುಕೊಂಡವರಿಗಾಗಿ ಜಂಬೂರಿನಲ್ಲಿ ಶಂಕುಸ್ಥಾಪನೆಯಾದದ್ದು ಒಬ್ಬರ ಕಾಲದಲ್ಲಿ, ಬೀಗದಕೈ ಕೊಟ್ಟದ್ದು ಇನ್ನೊಬ್ಬರ ಕಾಲದಲ್ಲಿ. ಇಬ್ಬರಿಗೂ ಶ್ರೇಯಸ್ಸು ಸಲ್ಲಲಿ. ಆದರೆ ಮಳೆಗಾಲಕ್ಕೊಮ್ಮೆ ಬೆಟ್ಟ ಜಾರುವ ನಾಡಿಗೆ, ಕಳೆದ ಮಳೆಗಾಲದಲ್ಲಿ ಏನಾಯಿತೆಂದು ಬಲ್ಲವರು ಈ ಮಳೆಗಾಲದಲ್ಲಿಯೂ ಅದೇ ಸ್ಥಾನದಲ್ಲಿರುವುದು ಅಗತ್ಯ. ಮೇಲ್ಮಿತಿಯಷ್ಟೇ ಮುಖ್ಯವಾದುದು ಕೆಳಮಿತಿ, ಅಂದರೆ ಭರವಸೆಯ ಅವಧಿ. ಜರ್ಮನಿಯ 1949ರ ಸಂವಿಧಾನದಲ್ಲಿ ಇದಕ್ಕೊಂದು ಉಪಾಯವಿದೆ: ಮುಂದಿನ ನಾಯಕನನ್ನು ಬಹುಮತದಿಂದ ಆರಿಸಿದ ಹೊರತು ಇಂದಿನ ನಾಯಕನನ್ನು ಅವಿಶ್ವಾಸದಿಂದ ಇಳಿಸುವಂತಿಲ್ಲ. ನಮ್ಮ ಶಾಸನತಜ್ಞರು ಪರಿಶೀಲಿಸಲು ಯೋಗ್ಯವಾದ ಪದ್ಧತಿ ಇದು.

ಶಾಸಕರಿಗೇ ಮಿತಿ ಹಾಕಿದವರ ಅನುಭವವೇನು? ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಮತದಾರರು 1990ರಲ್ಲಿ ಕೆಳಮನೆಯ ಸದಸ್ಯರಿಗೆ ಆರು ವರ್ಷ, ಮೇಲ್ಮನೆಯವರಿಗೆ ಎಂಟು ವರ್ಷವೆಂದು ವಿಧಿಸಿದರು. ಕೆಲಸ ಕಲಿಯುವಷ್ಟರಲ್ಲಿ ಸದಸ್ಯನ ಕಾಲ ಮುಗಿಯುತ್ತಿತ್ತು; ಸಭೆಯ ಒಳಹೊರಗನ್ನು ಬಲ್ಲವರಾಗಿ ಉಳಿದವರು ಅಧಿಕಾರಿಗಳು ಮತ್ತು ಹಿತಾಸಕ್ತರ ಪ್ರತಿನಿಧಿಗಳು ಎಂಬ ಟೀಕೆ ಬಲವಾಯಿತು. 2012ರಲ್ಲಿ ಅದೇ ಮತದಾರರು ನಿಯಮವನ್ನು ತಿದ್ದಿ, ಒಟ್ಟು ಹನ್ನೆರಡು ವರ್ಷವನ್ನು ಬೇಕಾದರೆ ಒಂದೇ ಮನೆಯಲ್ಲಿ ಕಳೆಯಬಹುದೆಂದರು. ಆದರೆ ಅಧ್ಯಕ್ಷರಿಗೆ ಎರಡೇ ಅವಧಿಯೆಂದು 1951ರಲ್ಲಿ ಬಂದ ಅವರ 22ನೆಯ ತಿದ್ದುಪಡಿ ಅಲುಗಾಡದೆ ನಿಂತಿದೆ. ಕೇಳುವ ಸ್ಥಾನಕ್ಕೆ ಬಿಗಿಮಿತಿ ಒಗ್ಗಲಿಲ್ಲ, ಆಜ್ಞೆ ಮಾಡುವ ಸ್ಥಾನಕ್ಕೆ ಒಗ್ಗಿತು.

ನಮ್ಮ ಹಳ್ಳಿಗಳಲ್ಲಿಯೂ ಒಂದು ಬಗೆಯ ಮಿತಿ ಜಾರಿಯಲ್ಲಿದೆ. ಗ್ರಾಮ ಪಂಚಾಯಿತಿಯ ಅಧ್ಯಕ್ಷಸ್ಥಾನದ ಮೀಸಲಾತಿ ಸರದಿಯಂತೆ ಬದಲಾಗುವುದರಿಂದ ಒಬ್ಬರೇ ಬಹುಕಾಲ ಅಲ್ಲಿ ಕೂರುವುದು ಕಷ್ಟ. ಇದರಿಂದ ಹಿಂದೆಂದೂ ಕುರ್ಚಿ ಕಾಣದವರು ಕುರ್ಚಿ ಕಂಡರು. ಇದು ದೊಡ್ಡ ಲಾಭ. ಆದರೆ ಚಾಪೆಯ ಕೆಳಗೆ ನುಸುಳಿದರೆ ರಂಗೋಲಿಯ ಕೆಳಗೆ ನುಸುಳುವವರುಂಟು. ಮಹಿಳೆ ಅಧ್ಯಕ್ಷೆಯಾದ ಕಡೆ ಗಂಡನೇ ಸಭೆ ನಡೆಸುವುದನ್ನು ಯಾರು ಕಂಡಿಲ್ಲ? ಇನ್ನು ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅವು ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದವು. ಚುನಾವಣೆಯೇ ನಡೆಯದ ಕಡೆ ಎಷ್ಟು ಅವಧಿ ಎಂಬ ಚರ್ಚೆಗೆ ಅರ್ಥವಿಲ್ಲ.

ಇಲ್ಲಿ ಶ್ರಾವಕರಿಗೆ ಪರಿಚಿತವಾದ ಒಂದು ವಿಚಾರ ನೆನಪಾಗುತ್ತದೆ. ಪರಿಗ್ರಹ ಪರಿಮಾಣ ವ್ರತದಲ್ಲಿ ಹೊಲ, ಮನೆ, ಬೆಳ್ಳಿ, ಬಂಗಾರ, ಧಾನ್ಯ ಮುಂತಾದವುಗಳಿಗೆ ಗೃಹಸ್ಥನು ತಾನೇ ಮಿತಿ ಹಾಕಿಕೊಳ್ಳುತ್ತಾನೆ. ಪದವಿಯನ್ನು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಹೇಳಿಲ್ಲ. ಆದರೆ ಬಿಡಲು ಮನಸ್ಸು ಬಾರದಿರುವುದೇ ಪರಿಗ್ರಹದ ಲಕ್ಷಣವಾದರೆ ಪದವಿಗಿಂತ ದೊಡ್ಡ ಪರಿಗ್ರಹ ಯಾವುದು? ಮಿತಿಗಿಂತ ಹೆಚ್ಚಾದ ಭಾಗವನ್ನು ಮಗನ ಹೆಸರಿಗೋ ಹೆಂಡತಿಯ ಹೆಸರಿಗೋ ಬರೆದು ವ್ರತ ಉಳಿಯಿತೆಂದು ಸಮಾಧಾನಪಡುವುದು ಅತಿಚಾರವೆಂಬುದನ್ನೂ ನಾವು ಬಲ್ಲೆವು. ಎರಡು ಅವಧಿ ಮುಗಿಸಿ ಮೂರನೆಯದಕ್ಕೆ ಮಗನನ್ನು ನಿಲ್ಲಿಸಿ, ಹಿಂದಿನಿಂದ ತಾನೇ ಆಳುವುದೂ ಅದೇ ಜಾತಿಯದು. ಕಾನೂನು ಹೆಸರನ್ನು ಮಾತ್ರ ಬದಲಿಸಬಲ್ಲದು; ಕೈಯನ್ನು ಬದಲಿಸುವುದು ಕೈಯುಳ್ಳವನ ವಿವೇಕ.

ಹೀಗೆ ತೂಗಿ ನೋಡಿದಾಗ ನನ್ನ ನಿರ್ಣಯ ಇಷ್ಟು. ಶಾಸಕರಿಗೆ ಅವಧಿಯ ಮಿತಿ ಬೇಡ. ಅದನ್ನು ಮತದಾರರಿಗೇ ಬಿಡಬೇಕು. ಮುಖ್ಯಮಂತ್ರಿಗಳಿಗೂ ಮಂತ್ರಿಗಳಿಗೂ ಒಟ್ಟು ಹತ್ತು ವರ್ಷದ ಮಿತಿ ಇರಲಿ. ಅದರೊಡನೆ ನಡುವೆ ಕಾರಣವಿಲ್ಲದೆ ಕುರ್ಚಿ ಎಳೆಯಲಾಗದಂಥ ಭದ್ರತೆಯೂ ಇರಲಿ; ಒಂದನ್ನು ಬಿಟ್ಟು ಇನ್ನೊಂದು ಬೇಡ. ಸ್ಥಳೀಯ ಸಂಸ್ಥೆಗಳ ಚುನಾವಣೆ ಗೊತ್ತಾದ ದಿನಕ್ಕೆ ನಡೆಯಲಿ.

ಆದರೆ ವಿಧಾನಸೌಧಕ್ಕೆ ಈ ಉಪದೇಶ ಮಾಡುವ ಮುನ್ನ ನಮ್ಮ ಬಸದಿಗಳ, ವಿದ್ಯಾರ್ಥಿನಿಲಯಗಳ, ಸಂಘಗಳ ಆಡಳಿತ ಮಂಡಳಿಗಳತ್ತ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಎಷ್ಟು ಟ್ರಸ್ಟುಗಳಲ್ಲಿ ಅಧ್ಯಕ್ಷರ ಹೆಸರು ನಮ್ಮ ಬಾಲ್ಯದಲ್ಲಿ ಕೇಳಿದ್ದೇ ಇಂದಿಗೂ ಇದೆ? ಅದಕ್ಕೆ ಸಂವಿಧಾನದ ತಿದ್ದುಪಡಿ ಬೇಡ. ಒಂದು ಮಹಾಸಭೆ, ಒಂದು ಠರಾವು ಸಾಕು. ಮೂರು ವರ್ಷದಂತೆ ಎರಡು ಅವಧಿ. ಆಮೇಲೆ ಒಂದು ಅವಧಿಯ ವಿರಾಮ. ಇಳಿಯುವವರು ಏರುವವರಿಗೆ ಪ್ರತಿಯೊಂದು ರಸೀದಿಯನ್ನೂ ಎದುರಿಗೆ ಇಟ್ಟು, ಓದಿ, ಒಪ್ಪಿಸುವ ಪದ್ಧತಿ. ಹಿರಿಯರ ಅನುಭವ ಹಾಳಾಗುತ್ತದೆಂಬ ಭಯ ಬೇಡ. ಸಲಹೆ ಕೊಡಲು ಸಹಿಯ ಅಧಿಕಾರ ಬೇಕಾಗಿಲ್ಲ.

ನನ್ನ ತಪ್ಪನ್ನು ಕಂಡುಹಿಡಿದ ಆ ತರುಣರು ಈಗ ಎರಡನೆಯ ಅವಧಿಯಲ್ಲಿದ್ದಾರೆ. ಲೆಕ್ಕವನ್ನು ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಬರುವ ಮಹಾಸಭೆಯಲ್ಲಿ ಯಾರಾದರೂ ಎದ್ದು “ಅವರೇ ಮುಂದುವರಿಯಲಿ” ಎಂದರೆ ಬೇಡವೆಂದು ಮೊದಲು ಏಳುವವನು ನಾನೇ. ಅದು ಅವರ ಮೇಲಿನ ಅಪನಂಬಿಕೆಯಿಂದಲ್ಲ ಎಂದು ಅವರಿಗೆ ಈಗಾಗಲೇ ಹೇಳಿದ್ದೇನೆ. ಅವರು ನಕ್ಕು, ಮುಂದಿನವರಿಗೆ ಒಪ್ಪಿಸಬೇಕಾದ ಪಟ್ಟಿಯನ್ನು ಬರೆಯಲು ಆರಂಭಿಸಿದ್ದಾರೆ.